ಮೋಹನದ ಐದು ಸ್ವರ, ಒಂದು ಸಿಂಥಸೈಜರ್: ಆರ್ಕೆಸ್ಟ್ರಾ ಕೀಬೋರ್ಡ್ ವಾದಕನೊಬ್ಬನ ಮೊದಲ ಎಲೆಕ್ಟ್ರಾನಿಕ್ ಟ್ರ್ಯಾಕ್

ಶಿವಮೊಗ್ಗ ಜಿಲ್ಲೆಯ ಆರ್ಕೆಸ್ಟ್ರಾ ತಂಡವೊಂದರಲ್ಲಿ ಕೀಬೋರ್ಡ್ ನುಡಿಸುವ ಯುವಕನೊಬ್ಬ, ಕಾರ್ಯಕ್ರಮ ಆರಂಭವಾಗುವ ಮುನ್ನ ವೇದಿಕೆಯಿಂದ ಕೇಳಿಸಲು ಸುಮಾರು ಎರಡು ನಿಮಿಷಗಳ ಪ್ರವೇಶ ಸಂಗೀತವನ್ನು ತಾನೇ ತಯಾರಿಸಬೇಕೆಂದು ಬಯಸಿದ. ಅದುವರೆಗೆ ಆ ಹೊತ್ತಿನಲ್ಲಿ ತಂಡದವರು ಎಲ್ಲಿಂದಲೋ ಇಳಿಸಿಕೊಂಡ ಟ್ರ್ಯಾಕೊಂದನ್ನು ಹಾಕುತ್ತಿದ್ದರು. ಹೊಸ ಸಂಗೀತದ ಮೊದಲರ್ಧ ಪೂರ್ತಿ ಎಲೆಕ್ಟ್ರಾನಿಕ್ ಆಗಿರಬೇಕು, ಉಳಿದರ್ಧದಲ್ಲಿ ತಂಡದ ಹಿರಿಯ ಹಾರ್ಮೋನಿಯಂ ವಾದಕರು ಅದರ ಜೊತೆಗೆ ನುಡಿಸುತ್ತಾ ಸೇರಿಕೊಳ್ಳಬೇಕು ಎಂಬುದು ಅವನ ಯೋಜನೆ. ಧ್ವನಿಮುದ್ರಣದ ಕೆಲಸದಲ್ಲಿರುವ ನನ್ನ ಬಳಿ ಅವನು ಬಂದದ್ದು ಸಾಫ್ಟ್‌ವೇರ್ ಸಿಂಥಸೈಜರ್ ಕಲಿಯುವುದಕ್ಕಾಗಿ. ಅವನು ಏನನ್ನು ಹೇಗೆ ಕಲಿತ, ಯಾವ ಸಮಸ್ಯೆ ಎಲ್ಲಿ ಎದುರಾಯಿತು, ಅದನ್ನು ಹೇಗೆ ಬಿಡಿಸಿದೆವು ಎಂಬುದನ್ನು ಇಲ್ಲಿ ದಾಖಲಿಸಿದ್ದೇನೆ. ಕರ್ನಾಟಕದ ಊರೂರುಗಳಲ್ಲಿ ಇಂಥ ವಾದಕರು ಬಹಳಷ್ಟು ಮಂದಿ ಇದ್ದಾರೆ. ಅವರ ಕೈಯಲ್ಲಿರುವ ವಿದ್ಯೆಗೆ ಹೊಂದುವಂತೆ ಈ ವಿಷಯವನ್ನು ಕನ್ನಡದಲ್ಲಿ ಹೇಳುವವರು ಕಡಿಮೆ ಎಂಬ ಕಾಳಜಿಯೇ ಈ ಬರಹಕ್ಕೆ ಕಾರಣ.

ಅವನ ಬಳಿ ಇದ್ದದ್ದು 8 ಜಿಬಿ ಮೆಮೊರಿಯ ಸಾಮಾನ್ಯ ಲ್ಯಾಪ್‌ಟಾಪ್, ಒಂದು ಹೆಡ್‌ಫೋನ್, ಮತ್ತು ವೇದಿಕೆಯಲ್ಲಿ ನುಡಿಸುವ ಅವನದೇ ಕೀಬೋರ್ಡ್. ಆ ಕೀಬೋರ್ಡನ್ನು ಯುಎಸ್‌ಬಿ ತಂತಿಯ ಮೂಲಕ ಮಿಡಿ ಉಪಕರಣವಾಗಿ (ಯಾವ ಕೀ ಒತ್ತಿದೆವೆಂದು ಕಂಪ್ಯೂಟರಿಗೆ ತಿಳಿಸುವ ಸಾಧನವಾಗಿ) ಬಳಸಿಕೊಂಡೆವು. ರೆಕಾರ್ಡಿಂಗಿಗೆ ರೀಪರ್, ಸಿಂಥಸೈಜರಾಗಿ ಸರ್ಜ್ ಎಕ್ಸ್‌ಟಿ ಎಂದು ನಿಶ್ಚಯಿಸಿದೆವು. ಕ್ಲೇಸ್ ಜೊಹಾನ್ಸನ್ ಅವರು ವೆಂಬರ್ ಆಡಿಯೊ ಹೆಸರಿನಲ್ಲಿ ಮಾರುತ್ತಿದ್ದ ಸರ್ಜ್ ಎಂಬ ಸಿಂಥಸೈಜರನ್ನು 2018ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಟ್ಟುಕೊಟ್ಟರು. ಅಲ್ಲಿಂದ ಮುಂದೆ ಸ್ವಯಂಸೇವಕರ ತಂಡವೊಂದು ಅದನ್ನು ಬೆಳೆಸಿ 2022ರಲ್ಲಿ ಸರ್ಜ್ ಎಕ್ಸ್‌ಟಿ ಎಂಬ ಹೊಸ ರೂಪವನ್ನು ಹೊರತಂದಿತು. ಅದು ಉಚಿತವೆಂಬುದು ಒಂದು ಕಾರಣ. ಸ್ವರಗಳ ಶ್ರುತಿಯನ್ನೇ ನಮಗೆ ಬೇಕಾದಂತೆ ಬದಲಿಸಿಕೊಳ್ಳುವ ಸೌಲಭ್ಯ ಅದರಲ್ಲಿದೆ ಎಂಬುದು ಮತ್ತೊಂದು ಕಾರಣ. ಈ ಎರಡನೆಯದು ಎಷ್ಟು ಮುಖ್ಯವಾಗಲಿದೆ ಎಂಬುದು ಕೆಲಸ ಅರ್ಧ ದಾರಿಗೆ ಬಂದ ಮೇಲೆ ಗೊತ್ತಾಯಿತು.

ಟೋನ್ ಆರಿಸುವ ಕೈ, ಟೋನ್ ಕಟ್ಟುವ ಕೆಲಸ

ಆರ್ಕೆಸ್ಟ್ರಾ ಕೀಬೋರ್ಡ್ ವಾದಕರ ನೈಪುಣ್ಯ ಬಹುಪಾಲು ಆಯ್ಕೆಯ ನೈಪುಣ್ಯ. ಯಮಾಹದ ಪಿಎಸ್‌ಆರ್-ಐ ಸರಣಿಯ ಕೀಬೋರ್ಡುಗಳಾಗಲಿ ರೋಲ್ಯಾಂಡ್ ಎಕ್ಸ್‌ಪಿಎಸ್-10 ಆಗಲಿ, ಶಹನಾಯಿ, ಕೊಳಲು, ಸ್ಟ್ರಿಂಗ್ಸ್, ಬ್ರಾಸ್ ಎಲ್ಲವನ್ನೂ ಟೋನ್‌ಗಳಾಗಿ ಸಿದ್ಧವಾಗಿಟ್ಟಿರುತ್ತವೆ. ಪಲ್ಲವಿ ಮುಗಿದು ಬಿಜಿಎಂ (ಹಿನ್ನೆಲೆ ಸಂಗೀತ) ಬರುವಷ್ಟರಲ್ಲಿ ಸರಿಯಾದ ಟೋನಿಗೆ ಹಾರಿ, ಚರಣಕ್ಕೆ ಮೊದಲು ಮತ್ತೆ ಹಿಂದಕ್ಕೆ ಬರುವುದು ಸಣ್ಣ ಸಾಮರ್ಥ್ಯವಲ್ಲ. ನಮ್ಮ ಯುವಕನಿಗೆ ಅದು ಚೆನ್ನಾಗಿ ಸಿದ್ಧಿಸಿತ್ತು. ಆದ್ದರಿಂದಲೇ ಸರ್ಜ್ ತೆರೆದಾಗ ಅವನು ಸಹಜವಾಗಿ ಮಾಡಿದ್ದು ಅದನ್ನೇ: ಅದರಲ್ಲಿರುವ ಎರಡು ಸಾವಿರಕ್ಕೂ ಹೆಚ್ಚು ಪ್ಯಾಚುಗಳನ್ನು, ಅಂದರೆ ಸಿದ್ಧ ಸದ್ದುಗಳನ್ನು, ಒಂದೊಂದಾಗಿ ಕೇಳುತ್ತಾ ಹೋದ, ಇಷ್ಟವಾದವನ್ನು ಗುರುತು ಹಾಕಿಕೊಂಡ, ಐದನ್ನು ಆರಿಸಿ ಐದು ಟ್ರ್ಯಾಕುಗಳಲ್ಲಿ ಇಟ್ಟ. ಒಂದೊಂದಾಗಿ ಕೇಳಿದರೆ ಐದೂ ಸೊಗಸಾಗಿದ್ದವು. ಒಟ್ಟಿಗೆ ನುಡಿಸಿದಾಗ ಮಾತ್ರ ಒಂದರ ಮೇಲೊಂದು ಬಿದ್ದು ಎಲ್ಲವೂ ಮಸುಕಾಯಿತು.

“ಅಣ್ಣಾ, ಎಲ್ಲಾ ಒಳ್ಳೇ ಟೋನೇ ಹಾಕಿದೀನಿ. ಸೇರಿಸಿದ್ರೆ ಮಾತ್ರ ಗಜಿಬಿಜಿ ಆಗುತ್ತೆ” ಎಂದು ಅವನು ಹೇಳಿದ್ದರಲ್ಲಿ ಸಮಸ್ಯೆಯ ಪೂರ್ಣ ವಿವರಣೆಯೇ ಇತ್ತು. ಪ್ಯಾಚ್ ಸಿದ್ಧಪಡಿಸುವವರು ಅದು ಒಂಟಿಯಾಗಿಯೇ ತುಂಬಿಕೊಂಡು ಕೇಳಿಸಬೇಕೆಂದು ಬಯಸುತ್ತಾರೆ. ಅದಕ್ಕಾಗಿ ರಿವರ್ಬ್, ಡಿಲೇ, ಕೋರಸ್, ಒಂದೇ ಸ್ವರದ ಹಲವು ಪ್ರತಿಗಳನ್ನು ಎಡಬಲಕ್ಕೆ ಹರಡುವ ಯೂನಿಸನ್ ಎಲ್ಲವನ್ನೂ ಪ್ಯಾಚಿನೊಳಗೇ ಸೇರಿಸಿರುತ್ತಾರೆ. ಅಂಥ ಐದು ಪ್ಯಾಚುಗಳನ್ನು ಕೂಡಿಸಿದರೆ ಐದು ಬೇರೆ ಬೇರೆ ಅಳತೆಯ ಸಭಾಂಗಣಗಳ ಪ್ರತಿಧ್ವನಿ ಒಂದೇ ಕಡೆ ಸೇರುತ್ತದೆ, ಮತ್ತು ಪ್ರತಿಯೊಂದೂ ಕೆಳಗಿನ ಕಂಪನಾಂಕದಿಂದ ಮೇಲಿನವರೆಗೆ ಜಾಗ ಕೇಳುತ್ತದೆ. ಸಿದ್ಧ ಪ್ಯಾಚುಗಳನ್ನು ಬಳಸುವುದು ಕೀಳು ಎಂದು ನಾನು ಎಂದೂ ಹೇಳುವುದಿಲ್ಲ. ಆದರೆ ಯಾವ ಸದ್ದು ಯಾಕೆ ಹಾಗಿದೆ ಎಂದು ತಿಳಿಯದವನಿಗೆ ಅದನ್ನು ತಗ್ಗಿಸಲು, ತೆಳುಗೊಳಿಸಲು ಬರುವುದಿಲ್ಲ. ಕಲಿಯುವ ಹಂತದಲ್ಲಿ ಪ್ಯಾಚುಗಳ ಹುಡುಕಾಟ ಕಲಿಕೆಯಂತೆ ತೋರುತ್ತದೆಯೇ ಹೊರತು ಕಲಿಕೆಯಾಗಿರುವುದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಆದ್ದರಿಂದ ಒಂದು ಕಟ್ಟುಪಾಡು ಹಾಕಿಕೊಂಡೆವು. ಪ್ರತಿಯೊಂದು ಸದ್ದನ್ನೂ ಸರ್ಜ್‌ನ ಟೆಂಪ್ಲೇಟ್ ವಿಭಾಗದಲ್ಲಿರುವ ಬರಿಯ ಆರಂಭಿಕ ಪ್ಯಾಚಿನಿಂದಲೇ ಕಟ್ಟಬೇಕು. ಕಟ್ಟುವ ಮೊದಲು ಆ ಸದ್ದು ಹೇಗಿರಬೇಕೆಂದು ಬಾಯಲ್ಲಿ ಹೇಳಬೇಕು: ತಟ್ಟನೆ ಹುಟ್ಟುತ್ತದೆಯೇ ನಿಧಾನವಾಗಿ ಏರುತ್ತದೆಯೇ, ಕೀ ಒತ್ತಿರುವವರೆಗೂ ನಿಲ್ಲುತ್ತದೆಯೇ ತಾನಾಗಿಯೇ ಆರುತ್ತದೆಯೇ, ಕಿವಿಗೆ ಚುಚ್ಚುತ್ತದೆಯೇ ಮಂದವಾಗಿದೆಯೇ. ಟ್ರ್ಯಾಕಿನ ಆಕಾರ ನಿಲ್ಲುವ ತನಕ ರಿವರ್ಬ್, ಡಿಲೇಯಂಥ ಎಫೆಕ್ಟುಗಳನ್ನು ಮುಟ್ಟಬಾರದು. ಸರ್ಜ್‌ನಲ್ಲಿ ಎರಡು ಸೀನ್ (ಸದ್ದಿನ ಸ್ವತಂತ್ರ ಪದರ), ಒಂದೊಂದರಲ್ಲಿ ಮೂರು ಆಸಿಲೇಟರ್ (ಅಲೆ ಹುಟ್ಟಿಸುವ ಭಾಗ), ಎರಡು ಫಿಲ್ಟರ್ (ಕೆಲವು ಕಂಪನಾಂಕಗಳನ್ನು ತಗ್ಗಿಸುವ ಭಾಗ), ಹತ್ತಾರು ಮಾಡ್ಯುಲೇಶನ್ ಮೂಲಗಳು (ನುಡಿಯುತ್ತಿರುವಾಗಲೇ ಸದ್ದಿನ ಗುಣಗಳನ್ನು ಬದಲಿಸುವವು), ಹದಿನಾರು ಎಫೆಕ್ಟ್ ಸ್ಥಾನಗಳು ಇವೆ. ಇದೆಲ್ಲವನ್ನೂ ಕಲಿತ ಮೇಲೆ ಸಂಗೀತ ಮಾಡೋಣ ಎಂದುಕೊಂಡವರು ಸಂಗೀತದ ತನಕ ಬರುವುದೇ ಇಲ್ಲ. ಎರಡು ನಿಮಿಷದ ಟ್ರ್ಯಾಕಿಗೆ ಬೇಕಾದಷ್ಟೇ ಸರ್ಜ್ ಸಾಕು ಎಂಬ ಗಡಿ ನಮಗೆ ಬಹಳ ನೆರವಾಯಿತು.

ಟ್ರ್ಯಾಕಿನ ನಕ್ಷೆಯನ್ನು ಮೊದಲು ಕಾಗದದ ಮೇಲೆ ಬರೆದೆವು. ನಿಮಿಷಕ್ಕೆ 100 ಪೆಟ್ಟು, ಎಂಟು ಅಕ್ಷರಗಳ ಆದಿತಾಳದ ಆವರ್ತ, ಒಟ್ಟು 24 ಆವರ್ತ. ಈ ವೇಗದಲ್ಲಿ ಒಂದು ಪೆಟ್ಟು 600 ಮಿಲಿಸೆಕೆಂಡ್, ಒಂದು ಆವರ್ತ 4.8 ಸೆಕೆಂಡ್, 24 ಆವರ್ತಕ್ಕೆ ಎರಡು ನಿಮಿಷಕ್ಕಿಂತ ಸ್ವಲ್ಪ ಕಡಿಮೆ, ಕೊನೆಯ ಸದ್ದು ಆರುವಷ್ಟರಲ್ಲಿ ಎರಡು ನಿಮಿಷ. ಷಡ್ಜವನ್ನು ಹಾರ್ಮೋನಿಯಂನ ಬಿಳಿ ಒಂದಕ್ಕೆ, ಅಂದರೆ ಸಿ ಸ್ವರಕ್ಕೆ ಇಟ್ಟು, ಮೋಹನದ ಸ ರಿ ಗ ಪ ದ ಎಂಬ ಐದು ಸ್ವರಗಳನ್ನು ಮಾತ್ರ ಬಳಸಬೇಕೆಂದು ನಿರ್ಧರಿಸಿದೆವು. ಇದು ರಾಗದ ಆಲಾಪನೆಯಲ್ಲ, ಆ ಸ್ವರಗಳ ಮೇಲೆ ಕಟ್ಟಿದ ಸರಳ ರಚನೆ. ಶ್ರುತಿ (ಹಿನ್ನೆಲೆಯಲ್ಲಿ ಸದಾ ನುಡಿಯುವ ಸ ಪ), ಬೇಸ್ (ಕೆಳಗಿನ ಸ್ವರಗಳು), ಕಿಕ್ (ಡ್ರಮ್ಮಿನ ಗುಡುಗುವ ಪೆಟ್ಟು), ಹೈ-ಹ್ಯಾಟ್ (ತಾಳದಂಥ ಚಿಕ್ಕ ಸದ್ದು), ಲೀಡ್ (ಮುಖ್ಯ ರಾಗರಚನೆ) ಎಂಬ ಐದು ಭಾಗಗಳು ಸಾಕು ಎಂದುಕೊಂಡೆವು.

ಕಿಕ್‌ನಿಂದ ಕಲಿತದ್ದು

ಕೆಲಸವನ್ನು ಕಿಕ್‌ನಿಂದ ಆರಂಭಿಸಿದ್ದಕ್ಕೆ ಕಾರಣವಿತ್ತು. ಸಿಂಥಸೈಜರಿನ ಮೂಲ ತತ್ವವೆಲ್ಲ ಈ ಪುಟ್ಟ ಸದ್ದಿನಲ್ಲಿ ಅಡಕವಾಗಿದೆ. ಕಿಕ್ ಎಂದರೆ ಒಂದು ಸೈನ್ ಅಲೆ. ಅದರ ಕಂಪನಾಂಕ ಮೇಲಿನಿಂದ ಕೆಳಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಜಾರುತ್ತದೆ, ಆ ಮೇಲೆ ಸದ್ದು ಆರುತ್ತದೆ. ನಾವು ತೀರ ಕೆಳಗಿನ ಪಂಚಮವನ್ನು, ಅಂದರೆ ಸುಮಾರು 49 ಹರ್ಟ್ಸನ್ನು, ತಳವಾಗಿ ಇಟ್ಟು ಅಲ್ಲಿಂದ ಎರಡು ಸ್ಥಾಯಿ ಮೇಲೆ, ಸುಮಾರು 196 ಹರ್ಟ್ಸ್‌ನಲ್ಲಿ, ಸದ್ದು ಹುಟ್ಟುವಂತೆ ಮಾಡಬೇಕಾಗಿತ್ತು. ಸದ್ದಿನ ಮಟ್ಟ ಹೇಗೆ ಏರಿ ಇಳಿಯಬೇಕೆಂದು ಹೇಳುವ ಆಂಪ್ಲಿಟ್ಯೂಡ್ ಎನ್ವಲಪ್‌ನಲ್ಲಿ ಅಟ್ಯಾಕ್ (ಏರುವ ಸಮಯ) ಸೊನ್ನೆ, ಡಿಕೇ (ಇಳಿಯುವ ಸಮಯ) ಸುಮಾರು 300 ಮಿಲಿಸೆಕೆಂಡ್, ಸಸ್ಟೇನ್ (ಕೀ ಒತ್ತಿರುವಾಗ ಉಳಿಯುವ ಮಟ್ಟ) ಸೊನ್ನೆ. ಫಿಲ್ಟರ್ ಇಲ್ಲಿ ಬೇಕಾಗಿಲ್ಲದ್ದರಿಂದ ಫಿಲ್ಟರ್ ಎನ್ವಲಪ್ಪನ್ನು ಆಸಿಲೇಟರಿನ ಪಿಚ್‌ಗೆ ಜೋಡಿಸಿ ಅದರ ಡಿಕೇಯನ್ನು ಬಹಳ ಚಿಕ್ಕದಾಗಿ ಇಟ್ಟೆವು.

ಈ ಜೋಡಣೆಯಲ್ಲಿಯೇ ಅವನು ಮೊದಲು ತಡವರಿಸಿದ. ಸರ್ಜ್‌ನಲ್ಲಿ ಮಾಡ್ಯುಲೇಶನ್ ಮೂಲವೊಂದನ್ನು ಆರಿಸಿ ಸಜ್ಜುಗೊಳಿಸಿದಾಗ ಪರದೆಯ ಮೇಲಿನ ಸ್ಲೈಡರುಗಳ ಅರ್ಥವೇ ಬದಲಾಗುತ್ತದೆ. ಆಗ ಪಿಚ್ ಸ್ಲೈಡರನ್ನು ಎಳೆದರೆ ಪಿಚ್ ಬದಲಾಗುವುದಿಲ್ಲ; ಆ ಎನ್ವಲಪ್ ಪಿಚ್ಚನ್ನು ಎಷ್ಟು ಅಲುಗಿಸಬೇಕು ಎಂಬ ಪ್ರಮಾಣ ಬದಲಾಗುತ್ತದೆ. ವೇದಿಕೆಯ ಕೀಬೋರ್ಡಿನಲ್ಲಿ ಒಂದು ಗುಂಡಿಗೆ ಒಂದೇ ಕೆಲಸವಿರುವುದನ್ನು ಕಂಡವನಿಗೆ ಇದು ಗೊಂದಲ. ಪ್ರತಿ ಜೋಡಣೆಗೂ ಮೂಲ ಯಾವುದು, ಗುರಿ ಯಾವುದು, ಪ್ರಮಾಣ ಎಷ್ಟು ಎಂಬ ಮೂರು ಸಂಗತಿಗಳನ್ನು ನೋಟ್‌ಬುಕ್ಕಿನಲ್ಲಿ ಒಂದೇ ಸಾಲಿನಲ್ಲಿ ಬರೆಯುವ ರೂಢಿ ಮಾಡಿಸಿದೆ. ನಾಲ್ಕೈದು ಸಾಲು ಬರೆಯುವಷ್ಟರಲ್ಲಿ ಪರದೆ ಅವನಿಗೆ ಓದಲು ಬಂದಿತ್ತು. ಇನ್ನೊಂದು ಅಡ್ಡಿಯೆಂದರೆ ಪಿಚ್ ಸ್ಲೈಡರಿನ ಸಾಮಾನ್ಯ ವ್ಯಾಪ್ತಿ ಏಳು ಅರ್ಧಸ್ವರಗಳು ಮಾತ್ರ. ಎರಡು ಸ್ಥಾಯಿ, ಅಂದರೆ 24 ಅರ್ಧಸ್ವರ, ಬೇಕೆಂದರೆ ಅದರ ಮೇಲೆ ಬಲ ಕ್ಲಿಕ್ ಮಾಡಿ ವ್ಯಾಪ್ತಿಯನ್ನು ಹಿಗ್ಗಿಸಿಕೊಳ್ಳಬೇಕು.

ಸದ್ದು ಬಂತು, ಆದರೆ ಒಂದು ಪೆಟ್ಟು ಗಟ್ಟಿಯಾಗಿ, ಇನ್ನೊಂದು ಪೆಟ್ಟು ಮೆತ್ತಗೆ ಕೇಳಿಸುತ್ತಿತ್ತು. ಅವನು ಮಿಡಿ ವೆಲಾಸಿಟಿಯನ್ನು (ಕೀ ಒತ್ತಿದ ಬಲದ ಅಳತೆಯನ್ನು) ಅನುಮಾನಿಸಿ ನೋಡಿದ, ಅವೆಲ್ಲ ಸಮನಾಗಿದ್ದವು. ಆಸಿಲೇಟರು ಒಳಗೊಳಗೇ ನಿರಂತರವಾಗಿ ಓಡುತ್ತಿರುವಂತೆ ವರ್ತಿಸುವುದರಿಂದ ಪ್ರತಿ ಪೆಟ್ಟಿನಲ್ಲೂ ಅಲೆ ಬೇರೆ ಬೇರೆ ಬಿಂದುವಿನಿಂದ ಆರಂಭವಾಗುತ್ತದೆ. ಉದ್ದವಾದ ಸ್ವರದಲ್ಲಿ ಇದು ಗೊತ್ತಾಗುವುದಿಲ್ಲ, ಅಲೆಯ ಮೊದಲ ಕೆಲವು ಸುತ್ತುಗಳೇ ಸರ್ವಸ್ವವಾಗಿರುವ ಕಿಕ್‌ನಲ್ಲಿ ಗೊತ್ತಾಗುತ್ತದೆ. ಆಸಿಲೇಟರಿನ ರೀಟ್ರಿಗರ್ ಗುಂಡಿಯನ್ನು ಒತ್ತಿದೊಡನೆ ಎಲ್ಲ ಪೆಟ್ಟುಗಳೂ ಒಂದೇ ಸಮನಾದವು. ಎನ್ವಲಪ್, ಮಾಡ್ಯುಲೇಶನ್, ಅಲೆಯ ಆರಂಭ ಬಿಂದು ಈ ಮೂರನ್ನೂ ಅರ್ಧ ಸೆಕೆಂಡಿಗಿಂತ ಚಿಕ್ಕದಾದ ಒಂದು ಸದ್ದು ಕಲಿಸಿತು. ಮುಂದಿನ ಭಾಗಗಳಲ್ಲಿ ಇವನ್ನು ನಾನು ಮತ್ತೆ ವಿವರಿಸಬೇಕಾಗಲಿಲ್ಲ.

ಹೈ-ಹ್ಯಾಟ್ ಬೇಗ ಮುಗಿಯಿತು. ಆಸಿಲೇಟರುಗಳನ್ನು ಮ್ಯೂಟ್ ಮಾಡಿ ನಾಯ್ಸ್ (ಸ್ವರವಿಲ್ಲದ ಸುಯ್ ಎಂಬ ಸದ್ದು) ಒಂದನ್ನೇ ಉಳಿಸಿ, ಕೆಳಗಿನ ಕಂಪನಾಂಕಗಳನ್ನು ತಡೆಯುವ ಹೈಪಾಸ್ ಫಿಲ್ಟರನ್ನು ಏಳೆಂಟು ಸಾವಿರ ಹರ್ಟ್ಸಿಗೆ ಏರಿಸಿ, ಡಿಕೇಯನ್ನು 50 ಮಿಲಿಸೆಕೆಂಡಿನ ಆಸುಪಾಸಿಗೆ ತಂದರೆ ಸಾಕಾಯಿತು.

ಬೇಸ್‌ಗೆ ಗರಗಸದ ಹಲ್ಲಿನಾಕಾರದ ಸಾಟೂತ್ ಅಲೆ, ಅದಕ್ಕೆ ಮೇಲಿನ ಕಂಪನಾಂಕಗಳನ್ನು ತಡೆಯುವ ಲೋಪಾಸ್ ಫಿಲ್ಟರ್. ಷಡ್ಜವನ್ನು ಸುಮಾರು 65 ಹರ್ಟ್ಸ್‌ನಲ್ಲಿ ಇಟ್ಟು, ಕಿಕ್ ಬೀಳುವ ಅಕ್ಷರಗಳಲ್ಲಿ ಬೇಸ್ ಮೌನವಾಗಿರುವಂತೆ ಬರೆದೆವು. ಎರಡು ಸದ್ದುಗಳು ಒಂದೇ ಜಾಗಕ್ಕೆ ಹಟ ಮಾಡುವಾಗ ಕಂಪ್ರೆಸರ್ ಹಾಕಿ ಒಂದನ್ನು ತಳ್ಳುವುದು ಈಗಿನ ರೂಢಿ, ಆದರೆ ಬರವಣಿಗೆಯಲ್ಲಿಯೇ ಜಾಗ ಬಿಟ್ಟುಕೊಡುವುದು ಇಂಥ ಸರಳ ರಚನೆಗೆ ಹೆಚ್ಚು ಒಪ್ಪುತ್ತದೆ. ಹೆಡ್‌ಫೋನಿನಲ್ಲಿ ತುಂಬಿ ಬರುತ್ತಿದ್ದ ಬೇಸ್ ಮೊಬೈಲಿನಲ್ಲಿ ಕೇಳಿದಾಗ ಇಲ್ಲವೇ ಇಲ್ಲ ಎನಿಸಿತು. ಅಷ್ಟು ಚಿಕ್ಕ ಸ್ಪೀಕರಿಗೆ 65 ಹರ್ಟ್ಸ್ ಹೊರಡಿಸುವ ಶಕ್ತಿ ಇರುವುದಿಲ್ಲ. ಧ್ವನಿ ಹೆಚ್ಚಿಸಿದರೆ ಪ್ರಯೋಜನವಿಲ್ಲ. ಅಲೆಯ ಆಕಾರ ಬದಲಿಸುವ ವೇವ್‌ಶೇಪರಿನಲ್ಲಿ ಮೃದುವಾದ ಕ್ಲಿಪ್ಪಿಂಗ್ ಕೊಟ್ಟು ಮೇಲಿನ ಹಾರ್ಮೋನಿಕ್‌ಗಳನ್ನು (ಮೂಲ ಕಂಪನಾಂಕದ ಎರಡು, ಮೂರು, ನಾಲ್ಕು ಪಟ್ಟಿನ ಕಂಪನಗಳನ್ನು) ಹುಟ್ಟಿಸಿದಾಗ, ಮೂಲ ಕಂಪನ ಕೇಳದಿದ್ದರೂ ಕಿವಿ ಆ ಸ್ವರವನ್ನು ಗುರುತಿಸಿತು.

ಗಾಂಧಾರದ ಅಲುಗಾಟ

ಈ ಪ್ರಕರಣದ ತಿರುಳು ಇಲ್ಲಿದೆ. ಶ್ರುತಿಗಾಗಿ ಅವನು ಕ್ಲಾಸಿಕ್ ಆಸಿಲೇಟರಿನ ಸಾಟೂತ್ ಅಲೆಯನ್ನು ಆರಿಸಿ, ಯೂನಿಸನ್‌ನಲ್ಲಿ ಹಲವು ಧ್ವನಿಗಳನ್ನು ಸ್ವಲ್ಪ ಡಿಟ್ಯೂನ್ ಮಾಡಿ (ಒಂದರಿಂದ ಒಂದನ್ನು ತುಸು ಆಚೀಚೆ ಸರಿಸಿ), ಸ ಮತ್ತು ಪ ಎರಡನ್ನೂ ಉದ್ದಕ್ಕೂ ಹಿಡಿದಿಟ್ಟ. ಅದರ ಮೇಲೆ ಲೀಡ್‌ನಲ್ಲಿ ಗಾಂಧಾರವನ್ನು ಎರಡು ಮೂರು ಅಕ್ಷರಗಳ ಕಾಲ ನಿಲ್ಲಿಸಿದಾಗ ಸದ್ದಿನಲ್ಲಿ ಬೇಗಬೇಗನೆ ಏರಿಳಿಯುವ ಅಲುಗಾಟವೊಂದು ಕಾಣಿಸಿತು. ದೈವತದಲ್ಲಿಯೂ ಅದೇ. ಪಂಚಮ ಮಾತ್ರ ಬಹುಮಟ್ಟಿಗೆ ತಣ್ಣಗಿತ್ತು. ಚಿಕ್ಕಂದಿನಲ್ಲಿ ಊರಿನ ಭಜನೆಯಲ್ಲಿ ಹಾಡುತ್ತಿದ್ದ ಅವನ ಕಿವಿ ಇದನ್ನು ಒಪ್ಪಲಿಲ್ಲ.

ಕಾರಣ ಹುಡುಕುವಾಗ ಒಂದೊಂದನ್ನೇ ತೆಗೆದು ನೋಡುವ ಕ್ರಮವನ್ನು ಬಿಡಲಿಲ್ಲ. ಮೊದಲು ಯೂನಿಸನ್ ಧ್ವನಿಗಳನ್ನು ಒಂದಕ್ಕೆ ಇಳಿಸಿದೆವು. ಅಲುಗಾಟ ಸ್ವಲ್ಪ ಸ್ಪಷ್ಟವಾಯಿತೇ ಹೊರತು ಹೋಗಲಿಲ್ಲ. ಲೀಡಿನ ಸ್ವರವನ್ನು ನಿಧಾನದ ಅಲೆಯಿಂದ ಅಲುಗಿಸುವ ವೈಬ್ರೇಟೊ ಎಲ್‌ಎಫ್‌ಒ ತೆಗೆದೆವು; ಹೋಗಲಿಲ್ಲ. ಫಿಲ್ಟರನ್ನು ಚಾಲನೆ ಮಾಡುತ್ತಿದ್ದ ಎಲ್‌ಎಫ್‌ಒ ತೆಗೆದೆವು, ಆಗಲೂ ಉಳಿಯಿತು. ಕೊನೆಗೆ ಉಳಿದದ್ದು ಎರಡು ಬರಿಯ ಸಾಟೂತ್ ಅಲೆಗಳು ಮಾತ್ರ, ಷಡ್ಜ ಮತ್ತು ಗಾಂಧಾರ. ಅಂದಮೇಲೆ ತೊಂದರೆ ಸಿಂಥಸೈಜರಿನ ಯಾವ ಭಾಗದಲ್ಲೂ ಇರಲಿಲ್ಲ, ಆ ಎರಡು ಸ್ವರಗಳ ನಡುವಿನ ಅಂತರದಲ್ಲಿಯೇ ಇತ್ತು.

ಲೆಕ್ಕ ಹಾಕಿದರೆ ವಿಷಯ ಕನ್ನಡಿಯಷ್ಟು ಸ್ಪಷ್ಟ. ಕೀಬೋರ್ಡು ಒಂದು ಸ್ಥಾಯಿಯನ್ನು ಹನ್ನೆರಡು ಸಮಪಾಲುಗಳಾಗಿ ಹಂಚುತ್ತದೆ. ಆ ಹಂಚಿಕೆಯಲ್ಲಿ ಷಡ್ಜ 130.81 ಹರ್ಟ್ಸ್ ಆದರೆ ಗಾಂಧಾರ 164.81 ಹರ್ಟ್ಸ್. ಆದರೆ ಷಡ್ಜದೊಂದಿಗೆ ಸಂಪೂರ್ಣ ಬೆರೆಯುವ ಗಾಂಧಾರ ಅದರ 5/4 ಪಟ್ಟು, ಅಂದರೆ 163.52 ಹರ್ಟ್ಸ್. ಕೀಬೋರ್ಡಿನ ಗಾಂಧಾರ ಅದಕ್ಕಿಂತ ಸುಮಾರು 14 ಸೆಂಟ್ ಮೇಲಿದೆ. ಒಂದು ಅರ್ಧಸ್ವರ 100 ಸೆಂಟ್ ಎಂದು ಲೆಕ್ಕ. ವ್ಯತ್ಯಾಸ ಚಿಕ್ಕದು, ಆದರೆ ಸಾಟೂತ್ ಅಲೆ ಹಾರ್ಮೋನಿಕ್‌ಗಳಿಂದ ತುಂಬಿರುತ್ತದೆ. ಷಡ್ಜದ ಐದನೆಯ ಹಾರ್ಮೋನಿಕ್ 654.06 ಹರ್ಟ್ಸ್‌ನಲ್ಲಿದೆ, ಈ ಗಾಂಧಾರದ ನಾಲ್ಕನೆಯ ಹಾರ್ಮೋನಿಕ್ 659.26ರಲ್ಲಿದೆ. ಎರಡರ ನಡುವೆ ಐದು ಹರ್ಟ್ಸಿಗಿಂತ ತುಸು ಹೆಚ್ಚು ಅಂತರವಿರುವುದರಿಂದ ಸದ್ದು ಸೆಕೆಂಡಿಗೆ ಐದು ಬಾರಿ ಏರಿಳಿಯುತ್ತದೆ. ದೈವತದಲ್ಲಿ ಇದೇ ಏರಿಳಿತ ಸೆಕೆಂಡಿಗೆ ಸುಮಾರು ಆರು ಬಾರಿ. ಪಂಚಮದ ವ್ಯತ್ಯಾಸ ಎರಡು ಸೆಂಟ್ ಮಾತ್ರವಾದ್ದರಿಂದ ಅಲ್ಲಿ ಎರಡು ಸೆಕೆಂಡಿಗೊಂದು ನಿಧಾನವಾದ ಏರಿಳಿತವಿದೆ, ಅದು ಕಿವಿಯನ್ನು ಕಾಡುವುದಿಲ್ಲ.

ಇಷ್ಟು ವರ್ಷ ಕೀಬೋರ್ಡ್ ನುಡಿಸಿಯೂ ಇದು ತನಗೆ ಏಕೆ ಕೇಳಿಸಿರಲಿಲ್ಲ ಎಂದು ಅವನು ಕೇಳಿದ. ಸಿನಿಮಾ ಹಾಡಿನಲ್ಲಿ ಸ್ವರಗಳು ಬೇಗ ಸರಿಯುತ್ತವೆ, ಕಾರ್ಡುಗಳು ಬದಲಾಗುತ್ತಿರುತ್ತವೆ, ರಿದಂ ಪ್ಯಾಡಿನ ಪೆಟ್ಟು ಮೇಲಿಂದ ಬೀಳುತ್ತಿರುತ್ತದೆ. ಅಲ್ಲಿ ಸಮಪಾಲಿನ ಹಂಚಿಕೆಯೇ ಅನುಕೂಲ, ಏಕೆಂದರೆ ಯಾವ ಮನೆಯಿಂದ (ಕೀಯಿಂದ) ಆರಂಭಿಸಿದರೂ ಅಂತರಗಳು ಒಂದೇ ಆಗಿರುತ್ತವೆ. ಅಲುಗದ ಷಡ್ಜದ ಮೇಲೆ ಗಾಂಧಾರವನ್ನು ಉದ್ದವಾಗಿ ನಿಲ್ಲಿಸುವುದು ಬೇರೆಯದೇ ಸಂದರ್ಭ. ಎಲೆಕ್ಟ್ರಾನಿಕ್ ಸದ್ದಿಗೆ ಶ್ರುತಿ ಕೂಡಿಸಿ ಹಾಡುವುದು ನಮಗೆ ಹೊಸದೇನೂ ಅಲ್ಲ. ಬೆಂಗಳೂರಿನ ರಾಡೆಲ್ ಸಂಸ್ಥೆಯ ಎಲೆಕ್ಟ್ರಾನಿಕ್ ತಂಬೂರಿಗಳು ಎಷ್ಟೋ ಸಂಗೀತದ ಮನೆಗಳಲ್ಲಿ ಇವೆ. ಅಲ್ಲಿ ಯಂತ್ರ ಸ ಪ ಹಿಡಿಯುತ್ತದೆ, ಗಾಂಧಾರವನ್ನು ಹಾಡುಗಾರರ ಗಂಟಲು ತಾನಾಗಿಯೇ ಸರಿಯಾದ ಜಾಗದಲ್ಲಿ ಇಡುತ್ತದೆ. ನಮ್ಮ ಟ್ರ್ಯಾಕಿನಲ್ಲಿ ಗಾಂಧಾರವನ್ನೂ ಯಂತ್ರವೇ ಹಿಡಿಯಬೇಕಾಗಿತ್ತು, ಆ ಜಾಗವನ್ನು ನಾವು ಅದಕ್ಕೆ ಹೇಳಿಕೊಡಬೇಕಾಗಿತ್ತು.

ಸರ್ಜ್ ಎಕ್ಸ್‌ಟಿ ಸ್ಕಾಲಾ ಮಾದರಿಯ ಶ್ರುತಿ ಕಡತಗಳನ್ನು ಓದುತ್ತದೆ. ಅದು ನೋಟ್‌ಪ್ಯಾಡಿನಲ್ಲಿಯೇ ಬರೆಯಬಹುದಾದ ಸರಳ ಪಠ್ಯ: ಒಂದು ಸಾಲು ವಿವರಣೆ, ಮುಂದಿನ ಸಾಲಿನಲ್ಲಿ ಸ್ವರಗಳ ಸಂಖ್ಯೆ, ಅನಂತರ ಒಂದೊಂದು ಸಾಲಿಗೆ ಒಂದೊಂದು ಅನುಪಾತ. ಷಡ್ಜವನ್ನು ಬರೆಯಬೇಕಾಗಿಲ್ಲ, ಕೊನೆಯ ಸಾಲು ತಾರಷಡ್ಜದ 2/1. ಅವನು ಐದು ಸ್ವರಗಳ ಕಡತವನ್ನು ಸಿದ್ಧಮಾಡಿದ: 9/8, 5/4, 3/2, 5/3, 2/1. ಅದನ್ನು ಸರ್ಜ್‌ನ ಮೇಲೆ ಎಳೆದು ಬಿಟ್ಟು ಟ್ರ್ಯಾಕ್ ಓಡಿಸಿದಾಗ, ಹಾಕಿದ ರಾಗರಚನೆಯೇ ಗುರುತು ಸಿಗದಂತಾಯಿತು. ಕಡತದಲ್ಲಿ ತಪ್ಪಿರಲಿಲ್ಲ. ಐದೇ ಸ್ವರಗಳ ಸ್ಥಾಯಿ ಎಂದು ಹೇಳಿದರೆ ಸರ್ಜ್ ಅವನ್ನು ಒಂದರ ಪಕ್ಕ ಒಂದರಂತೆ ಕೀಗಳ ಮೇಲೆ ಕೂರಿಸುತ್ತದೆ: ಮಿಡಿ ಸಂಖ್ಯೆ 60 ಷಡ್ಜ, 61 ರಿಷಭ, 62 ಗಾಂಧಾರ, 63 ಪಂಚಮ, 64 ದೈವತ, 65 ಆಗಲೇ ತಾರಷಡ್ಜ. ಹಾಗಾಗಿ ಮೊದಲು ರಿಷಭವಾಗಿ ಬರೆದಿದ್ದ 62 ಗಾಂಧಾರವಾಗಿ, ಗಾಂಧಾರವಾಗಿ ಬರೆದಿದ್ದ 64 ದೈವತವಾಗಿ, ಪಂಚಮವಾಗಿದ್ದ 67 ತಾರಸ್ಥಾಯಿಯ ಗಾಂಧಾರವಾಗಿ ನುಡಿಯಿತು. ಕೀ ಹಂಚಿಕೆಗೆಂದೇ ಇರುವ ಇನ್ನೊಂದು ಕಡತದಿಂದ ಇದನ್ನು ಸರಿಪಡಿಸಬಹುದು. ಆದರೆ ಹೊಸಬರಿಗೆ ಸುಲಭದ ದಾರಿ ಹನ್ನೆರಡು ಸ್ವರಗಳ ಕಡತವನ್ನೇ ಬರೆಯುವುದು: 16/15, 9/8, 6/5, 5/4, 4/3, 45/32, 3/2, 8/5, 5/3, 9/5, 15/8, 2/1. ಬಳಸದ ಏಳು ಸ್ವರಗಳು ತಮ್ಮ ಪಾಡಿಗೆ ಇರುತ್ತವೆ, ಬಳಸುವ ಐದು ತಮ್ಮ ಹಳೆಯ ಕೀಗಳಲ್ಲಿಯೇ ಉಳಿಯುತ್ತವೆ.

ದೈವತಕ್ಕೆ 5/3 ಇಡಬೇಕೋ 27/16 ಇಡಬೇಕೋ ಎಂಬ ಪ್ರಶ್ನೆಯೂ ಬಂತು. ಎರಡನೆಯದು ರಿಷಭಕ್ಕೆ ಶುದ್ಧ ಪಂಚಮವಾಗಿ ನಿಲ್ಲುತ್ತದೆ, ಮೊದಲನೆಯದು ಷಡ್ಜದೊಂದಿಗೆ ನೇರವಾಗಿ ಬೆರೆಯುತ್ತದೆ. ಎರಡರ ನಡುವಿನ ಅಂತರ ಸುಮಾರು 21 ಸೆಂಟ್, ಕಿವಿಗೆ ಚೆನ್ನಾಗಿಯೇ ತಿಳಿಯುವಷ್ಟು. ಶ್ರುತಿಗಳ ಕುರಿತ ಶಾಸ್ತ್ರಚರ್ಚೆ ದೀರ್ಘವಾದದ್ದು, ಅದನ್ನು ಇಂಥ ಟ್ರ್ಯಾಕಿನಲ್ಲಿ ತೀರ್ಮಾನಿಸುವ ಅಗತ್ಯವಿಲ್ಲ. ನಮ್ಮ ಹಿನ್ನೆಲೆಯಲ್ಲಿ ಸದಾ ಷಡ್ಜವಿತ್ತು, ರಿಷಭವನ್ನು ದೈವತದೊಂದಿಗೆ ಒಟ್ಟಿಗೆ ಎಲ್ಲಿಯೂ ನುಡಿಸಿರಲಿಲ್ಲ, ಆದ್ದರಿಂದ 5/3 ಉಳಿಸಿಕೊಂಡೆವು.

ಹೊಸ ಶ್ರುತಿಯಲ್ಲಿ ಗಾಂಧಾರ ನಿಂತ ಕ್ಷಣವನ್ನು ನಾನು ಮರೆಯಲಾರೆ. ಅಲುಗಾಟ ಪೂರ್ತಿ ನಿಂತು ಎರಡು ಸ್ವರಗಳು ಒಂದೇ ಸದ್ದಿನಂತೆ ಕೂಡಿಕೊಂಡವು. ಅವನು ಹೆಡ್‌ಫೋನ್ ತೆಗೆಯದೆ ಅದನ್ನೇ ಬಹಳ ಹೊತ್ತು ಕೇಳಿದ. ಸ್ವಲ್ಪ ಹೊತ್ತಿನ ಬಳಿಕ ಈಗ ಸದ್ದು ತೀರ ಸ್ತಬ್ಧವಾಗಿದೆ, ಜೀವ ಸಾಲದು ಎಂದ, ಅದೂ ನಿಜವಾಗಿತ್ತು. ಆಗ ಸಾಟೂತ್ ತೆಗೆದು, ತಂತಿಯ ಮೀಟನ್ನು ಅನುಕರಿಸುವ ಸ್ಟ್ರಿಂಗ್ ಆಸಿಲೇಟರನ್ನು ಹಾಕಿ, ಪ ಸ ಸ ಸ ಎಂದು ತಂಬೂರಿಯ ಕ್ರಮದಲ್ಲಿ ಮೀಟುಗಳನ್ನು ಬರೆದೆವು. ಫಿಲ್ಟರಿನ ಕಟಾಫ್‌ಗೆ (ಅದು ತಡೆಯಲು ಆರಂಭಿಸುವ ಕಂಪನಾಂಕಕ್ಕೆ) ಬಹಳ ನಿಧಾನದ ಎಲ್‌ಎಫ್‌ಒ ಒಂದನ್ನು ಸ್ವಲ್ಪವೇ ಜೋಡಿಸಿದೆವು. ತಂಬೂರಿಯ ಜೀವಾರಿ (ತಂತಿಯ ಝೇಂಕಾರ) ಇದರಿಂದ ಬಂತೆಂದು ಹೇಳಲಾರೆ. ಆದರೆ ಈಗ ಸದ್ದಿನಲ್ಲಿದ್ದ ಚಲನೆ ನಾವು ಬೇಕೆಂದು ಇಟ್ಟದ್ದಾಗಿತ್ತು, ಅದನ್ನು ಎಷ್ಟು ಬೇಕೋ ಅಷ್ಟು ಹೆಚ್ಚಿಸಲು, ತಗ್ಗಿಸಲು ಅವನಿಗೆ ಬರುತ್ತಿತ್ತು.

ಜಾರು, ವಿನ್ಯಾಸ, ಉಳಿದ ಕೆಲಸ

ಲೀಡ್‌ಗೆ ಸೈನ್ ಆಸಿಲೇಟರಿನಲ್ಲಿ ಸ್ವಲ್ಪ ಫೀಡ್‌ಬ್ಯಾಕ್ ಸೇರಿಸಿದಾಗ ಕೊಳಲಿಗೂ ಪಿಟೀಲಿಗೂ ನಡುವಿನ ಒಂದು ಸದ್ದು ಸಿಕ್ಕಿತು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದಕ್ಕೆ ಪೋರ್ಟಮೆಂಟೊ ಬೇಕು, ಆದರೆ ಎಲ್ಲ ಸ್ವರಗಳೂ ಜಾರಿದರೆ ಹಾಡು ಕರಗಿಹೋಗುತ್ತದೆ. ಸರ್ಜ್‌ನ ಮೊನೊ ವಿಧಾನಗಳಲ್ಲಿ ಫಿಂಗರ್ಡ್ ಪೋರ್ಟಮೆಂಟೊ ಎಂಬುದೊಂದಿದೆ. ಹಿಂದಿನ ಕೀಯನ್ನು ಬಿಡುವ ಮೊದಲೇ ಮುಂದಿನ ಕೀ ಒತ್ತಿದರೆ ಮಾತ್ರ ಸ್ವರ ಜಾರುತ್ತದೆ. ಇದರ ಜೊತೆಗೆ ಸಿಂಗಲ್ ಟ್ರಿಗರ್ ಸೇರಿದ ವಿಧಾನವನ್ನು ಆರಿಸಿದರೆ, ಜಾರಿದ ಸ್ವರಕ್ಕೆ ಎನ್ವಲಪ್ ಹೊಸದಾಗಿ ಆರಂಭವಾಗುವುದಿಲ್ಲ, ಒಂದೇ ಉಸಿರಿನಲ್ಲಿ ಮುಂದುವರಿಯುತ್ತದೆ. ಸುಮಾರು 80 ಮಿಲಿಸೆಕೆಂಡಿನ ಜಾರು ಇಟ್ಟು, ಎಲ್ಲಿ ಜಾರಬೇಕೋ ಅಲ್ಲಿ ಮಾತ್ರ ಸ್ವರಗಳನ್ನು ಪಿಯಾನೊ ರೋಲಿನಲ್ಲಿ (ಪರದೆಯ ಮೇಲೆ ಸ್ವರಗಳನ್ನು ಬರೆಯುವ ಜಾಗದಲ್ಲಿ) ಒಂದರ ಮೇಲೊಂದು ತುಸು ಹಾಯಿಸಿದ. ಆರ್ಕೆಸ್ಟ್ರಾದಲ್ಲಿ ಪಿಚ್ ಬೆಂಡ್ ಚಕ್ರವನ್ನು ತಿರುಗಿಸಿ ಪಳಗಿದ್ದ ಅವನ ಎಡಗೈಯೂ ಇಲ್ಲಿ ಉಪಯೋಗಕ್ಕೆ ಬಂತು. ಚಕ್ರದ ವ್ಯಾಪ್ತಿಯನ್ನು ಮೂರು ಅರ್ಧಸ್ವರಗಳಿಗೆ ಹಿಗ್ಗಿಸಿ, ಕೊನೆಯವರೆಗೆ ತಿರುಗಿಸದೆ ಕಿವಿ ಹೇಳಿದಲ್ಲಿ ನಿಲ್ಲಿಸು ಎಂದೆ. ಕೆಲವು ಕಡೆ ಪಿಯಾನೊ ರೋಲಿನ ಜಾರಿಗಿಂತ ಈ ಕೈಯ ಜಾರು ಎಷ್ಟೋ ಚೆನ್ನಾಗಿತ್ತು, ಅವನ್ನು ಹಾಗೆಯೇ ಉಳಿಸಿದೆವು. ಕಂಪಿತದಂಥ ಸೂಕ್ಷ್ಮ ಗಮಕಗಳು ಮಾತ್ರ ಈ ಎರಡು ದಾರಿಗಳಿಂದಲೂ ತೃಪ್ತಿಯಾಗುವಂತೆ ಬರಲಿಲ್ಲ.

ಐದು ಭಾಗಗಳಿಗೆ ಸರ್ಜ್‌ನ ಐದು ಪ್ರತಿಗಳು ತೆರೆದಿದ್ದವು. ಶ್ರುತಿ ಕಡತವನ್ನು ಸ್ವರ ನುಡಿಸುವ ಪ್ರತಿಯೊಂದರಲ್ಲೂ ಹಾಕಬೇಕು; ಬೇಸ್‌ನಲ್ಲಿ ಹಾಕದೆ ಬಿಟ್ಟರೆ ಲೀಡ್ ಒಂದು ಶ್ರುತಿಯಲ್ಲಿ, ಬೇಸ್ ಇನ್ನೊಂದರಲ್ಲಿ ನಡೆಯುತ್ತದೆ. ಬಫರ್ (ಕಂಪ್ಯೂಟರು ಸದ್ದನ್ನು ಒಮ್ಮೆಗೆ ಸಿದ್ಧಪಡಿಸುವ ತುಂಡಿನ ಅಳತೆ) 128 ಸ್ಯಾಂಪಲ್ ಇದ್ದಾಗ ಲ್ಯಾಪ್‌ಟಾಪು ಚಟಪಟ ಸದ್ದು ಮಾಡತೊಡಗಿದ್ದರಿಂದ ನುಡಿಸುವಾಗ 256, ಮಿಕ್ಸ್ ಮಾಡುವಾಗ 1024 ಎಂದು ಬದಲಿಸಿಕೊಂಡೆವು. ಎಫೆಕ್ಟುಗಳ ವಿಷಯದಲ್ಲಿ ಹಾಕಿಕೊಂಡ ಕಟ್ಟುಪಾಡು ಕೊನೆಯಲ್ಲಿ ಫಲ ಕೊಟ್ಟಿತು: ಇಡೀ ಟ್ರ್ಯಾಕಿಗೆ ಒಂದು ರಿವರ್ಬ್, ಲೀಡ್‌ಗೆ ಮುಕ್ಕಾಲು ಪೆಟ್ಟಿನ, ಅಂದರೆ 450 ಮಿಲಿಸೆಕೆಂಡಿನ ಒಂದು ಡಿಲೇ, ಇಷ್ಟೇ ಸಾಕಾಯಿತು. ಮೊದಲ ನಾಲ್ಕು ಆವರ್ತ ಬರೀ ಶ್ರುತಿ, ಅನಂತರ ಲೀಡ್ ಒಂಟಿಯಾಗಿ, ಒಂಬತ್ತನೆಯ ಆವರ್ತದಿಂದ ಕಿಕ್ ಮತ್ತು ಬೇಸ್, ಹದಿಮೂರರಿಂದ ಹೈ-ಹ್ಯಾಟ್ ಸೇರಿ ಹಾರ್ಮೋನಿಯಂ ಪ್ರವೇಶ.

ಆ ಪ್ರವೇಶವೇ ಕೊನೆಯ ತೊಡಕಾಯಿತು. ತಾಲೀಮಿನಲ್ಲಿ ಹಾರ್ಮೋನಿಯಂ ವಾದಕರು ಕೂತು ಎರಡು ಸಾಲು ನುಡಿಸಿ, “ಷಡ್ಜ ಪಂಚಮ ಸರಿಯಾಗೇ ಇದೆ ಕಣಪ್ಪ, ಗಾಂಧಾರಕ್ಕೆ ಬಂದಾಗ ನಿನ್ನದು ಇಳಿದಂಗೆ ಕೇಳುತ್ತೆ” ಎಂದರು. ಅವರ ಪೆಟ್ಟಿಗೆಯ ರೀಡುಗಳು ಸಮಪಾಲಿನ ಶ್ರುತಿಯಲ್ಲಿವೆ. ಅವನ್ನು ವೇದಿಕೆಯ ಮೇಲೆ ಬದಲಿಸುವಂತಿಲ್ಲ, ತಂಡದ ಉಳಿದ ಹಾಡುಗಳಿಗೆ ಆ ಶ್ರುತಿಯೇ ಬೇಕು. ಹಿರಿಯರ ಕಿವಿಯೂ ಸರಿ, ಹುಡುಗನ ಕಿವಿಯೂ ಸರಿ. ಆದ್ದರಿಂದ ಅವನು ಟ್ರ್ಯಾಕನ್ನು ಎರಡು ಭಾಗವಾಗಿ ಮಾಡಿದ. ಹನ್ನೆರಡನೆಯ ಆವರ್ತದ ತನಕ ಅನುಪಾತಗಳ ಶ್ರುತಿ. ಹಾರ್ಮೋನಿಯಂ ಸೇರುವ ಹದಿಮೂರರಿಂದ ಶ್ರುತಿ ಕಡತವಿಲ್ಲದ ಬೇರೆ ಪ್ರತಿಗಳು. ಎರಡನೆಯ ಭಾಗದಲ್ಲಿ ಹಳೆಯ ಅಲುಗಾಟ ಮರಳಿ ಬರದಂತೆ ಮಾಡುವ ದಾರಿಯನ್ನು ಅವನೇ ಯೋಚಿಸಿದ. ಏರಿಳಿತ ಹುಟ್ಟುವುದು ಷಡ್ಜದ ಐದನೆಯ ಹಾರ್ಮೋನಿಕ್‌ನಿಂದ, ಅದು 654 ಹರ್ಟ್ಸ್‌ನಲ್ಲಿದೆ. ಹಾಗಾದರೆ ಹಿನ್ನೆಲೆಯ ಶ್ರುತಿಗೆ ಲೋಪಾಸ್ ಹಾಕಿ ಕಟಾಫನ್ನು 400 ಹರ್ಟ್ಸಿನ ಸುತ್ತ ಇಟ್ಟರೆ ಆ ಹಾರ್ಮೋನಿಕ್ ಬಹಳಷ್ಟು ಕುಗ್ಗುತ್ತದೆ. ಹಾಗೆಯೇ ಮಾಡಿ, ಲೀಡ್‌ನ ಉದ್ದದ ಗಾಂಧಾರಗಳನ್ನು ಹಾರ್ಮೋನಿಯಂಗೆ ಬಿಟ್ಟುಕೊಟ್ಟು, ಲೀಡ್ ಪಂಚಮದಲ್ಲಿ ನಿಲ್ಲುವಂತೆ ಆ ಭಾಗವನ್ನು ತಿದ್ದಿ ಬರೆದ.